ಚಕ್ರಕ್ಕೆ ಕೊಡುವ ಮೊದಲು ಎರಡು ನಿಮಿಷ

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಬೆಳ್ಳಿ ಪಾಲಿಶ್ ಅಂಗಡಿ ಇದೆ. ದೀಪ, ತಟ್ಟೆ, ಕುಂಕುಮದ ಬಟ್ಟಲು, ಮಗುವಿನ ಕಾಲ್ಗೆಜ್ಜೆ, ಏನೇ ತಂದರೂ ಮುಖ ಕಾಣುವ ಹಾಗೆ ಮಾಡಿಕೊಡುತ್ತೇವೆ. ಆದರೆ ಗಲ್ಲಾದ ಮೇಲೆ ಒಂದು ಬೋರ್ಡು ತೂಗುಹಾಕಿದ್ದೇನೆ: ‘ನಾಣ್ಯಗಳನ್ನು ತೊಳೆದು ಕೊಡುತ್ತೇವೆ. ಉಜ್ಜಿ ಕೊಡುವುದಿಲ್ಲ.’

ಹೋದ ವಾರ ಜೆ.ಪಿ. ನಗರದಿಂದ ಬಂದ ಒಬ್ಬ ಹೆಂಗಸು ಆ ಬೋರ್ಡನ್ನು ಎರಡು ಸಲ ಓದಿ ನನ್ನ ಮೇಲೆ ಹರಿಹಾಯ್ದರು.

“ಏನ್ರೀ ಇದು, ಪಾಲಿಶ್ ಅಂಗಡೀಲಿ ಪಾಲಿಶ್ ಮಾಡಲ್ವಾ? ಹೋಟ್ಲಲ್ಲಿ ಇಡ್ಲಿ ನೋಡಕ್ಕೆ ಮಾತ್ರ, ತಿನ್ನಕ್ಕಲ್ಲ ಅಂದಂಗಾಯ್ತು!”

“ತಟ್ಟೆ ಮಾಡ್ತೀನಿ ಮೇಡಂ, ದೀಪ ಮಾಡ್ತೀನಿ. ಈ ನಾಲ್ಕು ಕಾಸು ಮಾತ್ರ ಬೇಡ.”

“ಬೇಡ ಅಂತ ಯಾರು ಹೇಳಿದ್ದು?”

ಯಾರು ಹೇಳಿದ್ದು ಎಂದು ಹೇಳಲು ಕೂತರೆ ಅವರ ಹಬ್ಬ ಮುಗಿದುಹೋಗುತ್ತಿತ್ತು. ನಕ್ಕು ಸುಮ್ಮನಾದೆ. ಹೇಳಿದವರು ಹೋದ ತಿಂಗಳು ತುಮಕೂರಿನ ಮಗಳ ಮನೆಯಲ್ಲಿ ತೀರಿಕೊಂಡರು. ಎಂಬತ್ತು ದಾಟಿತ್ತು. ಮಧ್ಯಾಹ್ನ ಊಟ ಮುಗಿಸಿ, ಮಜ್ಜಿಗೆಗೆ ಉಪ್ಪು ಕಡಿಮೆ ಎಂದು ಹೇಳಿ, ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲವಂತೆ. ಅಂಥವರ ಬಗ್ಗೆ ಅಳುತ್ತಾ ಬರೆಯಬಾರದು. ಅವರು ಗೆದ್ದ ಮನುಷ್ಯ. ನನ್ನನ್ನೂ ಗೆಲ್ಲಿಸಿದರು. ಅದನ್ನೇ ಬರೆಯುತ್ತೇನೆ.

ಆಗ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಓಣಿಯ ಪಾಲಿಶ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಪ್ಪತ್ತಮೂರು ವಯಸ್ಸು. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಿದ್ದರು. ಅಮ್ಮ ಜಯನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಮ್ಮ ಇಡೀ ವಂಶದಲ್ಲಿ ಏಳನೇ ಕ್ಲಾಸು ದಾಟಿದವರಿರಲಿಲ್ಲ. ನಾನು ಪಿಯುಸಿ ಮುಗಿಸಿ ನಿಂತಿದ್ದೆ. ಮೋಟಾರಿಗೆ ಕಟ್ಟಿದ ಬಟ್ಟೆಯ ಚಕ್ರ ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಪಾಲಿಶ್ ಸೋಪು ಹಿಡಿದು, ಆಮೇಲೆ ಬೆಳ್ಳಿ ಹಿಡಿಯಬೇಕು. ಸಂಜೆಗೆ ಸಾಮಾನೆಲ್ಲ ಬೆಳ್ಳಗಾಗುತ್ತಿತ್ತು, ನಾನು ಕರ್ರಗಾಗುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಎಂದರೆ ಆ ಓಣಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಲ್ಲರ ಚೀಲದಲ್ಲೂ ಕಳಶದ ಚೆಂಬಿನ ಜೊತೆ ಕಳಶದೊಳಗೆ ಹಾಕುವ ಹಳೆಯ ನಾಣ್ಯಗಳು ಇದ್ದೇ ಇರುತ್ತಿದ್ದವು. ಅಜ್ಜಿಯ ಕಾಲದ್ದು, ಮುತ್ತಜ್ಜಿಯ ಕಾಲದ್ದು. ಲಕ್ಷ್ಮಿ ಎಂದಮೇಲೆ ಹೊಳೆಯಬೇಕಲ್ಲ! ಮನೆಯಲ್ಲೇ ಹುಣಸೆಹಣ್ಣು ಹಾಕಿ ತಿಕ್ಕಿದ್ದು ಸಾಲದು ಎಂದು ನಮ್ಮ ಚಕ್ರಕ್ಕೂ ತರುತ್ತಿದ್ದರು.

ಅಂಥ ಒಂದು ನೂಕುನುಗ್ಗಲಿನಲ್ಲಿ ಅವರನ್ನು ಮೊದಲು ನೋಡಿದೆ. ಬಿಳಿ ಅರ್ಧತೋಳಿನ ಅಂಗಿ, ಹಣೆಯಲ್ಲಿ ಮೂರು ಗೆರೆ ವಿಭೂತಿ, ಹೆಗಲಿಗೆ ಬಟ್ಟೆಯ ಚೀಲ. ಸಾಲಿನಲ್ಲಿದ್ದ ಒಬ್ಬ ಆಂಟಿಯ ಮುಂದೆ ಕೈ ಮುಗಿದು ನಿಂತಿದ್ದರು.

“ಬೇಡಮ್ಮ. ಇದೊಂದು ಬೇಡಮ್ಮ. ಚೆಂಬು ಕೊಡಿ, ತಟ್ಟೆ ಕೊಡಿ. ಈ ಕಾಸನ್ನ ಹಾಗೇ ವಾಪಸ್ ತಗೊಂಡ್ಹೋಗಿ.”

“ಯಾಕಂಕಲ್? ಕರ್ರಗಾಗಿದೆ ನೋಡಿ, ಇದನ್ನಿಟ್ರೆ ಲಕ್ಷ್ಮಿ ಏನನ್ಕೊಳ್ತಾಳೆ?”

“ಕೊಳೆ ಅಲ್ಲಮ್ಮ ಅದು, ಚರ್ಮ. ನೂರು ವರ್ಷ ಗಾಳಿ ಕುಡಿದು ಬೆಳ್ಳಿ ಮೇಲೆ ಕೂತಿರೋ ಚರ್ಮ. ನಮ್ಮಜ್ಜಿಗೆ ಸುಕ್ಕಿದೆ ಅಂತ ಯಾರಾದ್ರೂ ಅಜ್ಜೀನ ಈ ಚಕ್ರಕ್ಕೆ ಹಿಡೀತಾರಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಂಟಿಯೂ ನಕ್ಕರು. ನಕ್ಕು, ನಾಣ್ಯವನ್ನು ನನಗೇ ಕೊಟ್ಟರು. ವಿಭೂತಿಯವರು ಸೋತರು.

ಸೋತ ಮೇಲೆ ಅವರು ಮಾಡಿದ್ದನ್ನು ನೋಡಿ ನನಗೆ ವಿಚಿತ್ರ ಎನಿಸಿತು. “ಎರಡು ನಿಮಿಷ ಕೊಡಿ” ಎಂದು ನನ್ನಿಂದ ನಾಣ್ಯ ಇಸಿದುಕೊಂಡರು. ಅಂಚನ್ನು ಮಾತ್ರ ಹಿಡಿದುಕೊಂಡರು. ಚೀಲದಿಂದ ಉದ್ದದ ನೋಟ್ ಪುಸ್ತಕ ತೆಗೆದು, ನಾಣ್ಯದ ಮೇಲೆ ಹಾಳೆ ಇಟ್ಟು, ಮೆತ್ತನೆಯ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಓಡಿಸಿದರು. ಹಾಳೆಯ ಮೇಲೆ ರಾಜನ ಮುಖ ಎದ್ದು ಬಂತು. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ತೆಗೆದರು. ಪಕ್ಕದಲ್ಲಿ ತಾರೀಖು, ನಮ್ಮ ಚೀಟಿಯ ನಂಬರು ಬರೆದರು. ಕೊನೆಯ ಕಾಲಮ್ಮಿನಲ್ಲಿ ಒಂದೇ ಮಾತು: ‘ಹೋಯಿತು.’

“ಪೆನ್ಸಿಲಲ್ಲಿ ಉಜ್ಜಿದ್ರಲ್ಲ ಸಾರ್, ಅದು ಪರವಾಗಿಲ್ವಾ?” ಎಂದು ನಾನು ಕೀಟಲೆ ಮಾಡಿದೆ.

“ಅದೂ ಮಾಡಬಾರದು. ಒಳ್ಳೆ ಪ್ರಶ್ನೆ ಕೇಳಿದ್ರಿ,” ಎಂದರು. “ಆದ್ರೆ ನಿಮ್ಮ ಚಕ್ರಕ್ಕೆ ಹೋಗೋ ನಾಣ್ಯಕ್ಕೆ ಇದೊಂದು ಫೋಟೋ ಅಂತ ಇರಲಿ.”

‘ಕೇಳಿದ್ರಿ’ ಎಂದರು! ನನಗೆ ಅಲ್ಲಿಯವರೆಗೆ ಯಾರೂ ಬಹುವಚನ ಹಾಕಿರಲಿಲ್ಲ. ಆ ಒಂದು ‘ರಿ’ಗಾಗಿ ನಾನು ಮಾರನೇ ದಿನವೂ ಅವರ ದಾರಿ ಕಾದೆ.

ನಮ್ಮ ಓನರ್ ಅವರಿಗೆ ‘ಬೇಡಮ್ಮ ಸಾರ್’ ಎಂದು ಹೆಸರಿಟ್ಟರು. ಅದೇ ನಿಂತಿತು. ನಾಲ್ಕು ಗಂಟೆಯಾದರೆ ಸಾಕು, ಓನರ್ ಬಾಗಿಲ ಕಡೆ ನೋಡಿ, “ಬಂದ್ರಪ್ಪ, ಗಿರಾಕಿ ಓಡ್ಸೋ ದೇವ್ರು” ಎನ್ನುತ್ತಿದ್ದರು. ಅವರನ್ನು ಓಡಿಸುತ್ತಿರಲಿಲ್ಲ ಮಾತ್ರ. ಯಾಕೆಂದರೆ ಬೇಡಮ್ಮ ಸಾರ್ ಒಂದು ದಿನವೂ ತಟ್ಟೆ ಚೆಂಬಿಗೆ ಅಡ್ಡ ಬಂದವರಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ.

ಎಲ್ಲರೂ ಅವರನ್ನು ರಿಟೈರ್ಡ್ ಪ್ರೊಫೆಸರ್ ಎಂದುಕೊಂಡಿದ್ದರು. ಯಾರಾದರೂ ಹಾಗೆಂದರೆ ತಕ್ಷಣ ತಿದ್ದುತ್ತಿದ್ದರು: “ಪ್ರೊಫೆಸರ್ ಅಲ್ಲ, ಲ್ಯಾಬ್ ಅಟೆಂಡರ್. ಮೂವತ್ನಾಲ್ಕು ವರ್ಷ ಟೆಸ್ಟ್ ಟ್ಯೂಬ್ ತೊಳೆದಿದ್ದೀನಿ.” ಯಾವುದೋ ಕಾಲೇಜಿನ ಕೆಮಿಸ್ಟ್ರಿ ವಿಭಾಗದಲ್ಲಿ ಪಾಠ ಕೇಳಿಸಿಕೊಳ್ಳುತ್ತಲೇ ಗಾಜು ತೊಳೆದವರು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಮನೆಯ ಭಾರ ಹೊತ್ತು, ಮತ್ತೆ ಕಟ್ಟದೆ ಉಳಿದವರು. ಆ ಒಂದು ಪೇಪರಿನ ಬಗ್ಗೆ ಹೇಳುವಾಗ ಮಾತ್ರ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

“ತೊಳೆಯೋದು ಬೇರೆ, ಉಜ್ಜೋದು ಬೇರೆ” ಎನ್ನುವುದು ಅವರ ಮಾತು. ಅದನ್ನು ಅವರು ಹೇಳದ ದಿನವಿರಲಿಲ್ಲ. ನನಗೆ ಅದರ ಅರ್ಥವಾದದ್ದು ಒಂದು ಆನೆಯಿಂದ.

ಸುದ್ದಗುಂಟೆಪಾಳ್ಯದ ಒಬ್ಬ ತಾತ ಒಂದು ತಾಮ್ರದ ಬಿಲ್ಲೆ ತಂದಿದ್ದರು. ಎಷ್ಟೋ ವರ್ಷದ ಅರಿಶಿನ, ಕುಂಕುಮ, ಎಣ್ಣೆ ಕೂಡಿ ಅದರ ಮೇಲೆ ಒಂದು ಪದರ ಗಟ್ಟಿಯಾಗಿ ಕೂತಿತ್ತು. ಏನೂ ಕಾಣುತ್ತಿರಲಿಲ್ಲ. ಇಂಥದ್ದನ್ನು ಕಂಡು ಬೇಡಮ್ಮ ಸಾರ್ ಖುಷಿಯಾದರು. “ಇದನ್ನ ತೊಳೀಬೇಕು!” ಎಂದರು. ಚೀಲದಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಬಾಟಲಿ ತೆಗೆದು, ಒಂದು ಗಾಜಿನ ಬಟ್ಟಲಿಗೆ ಸುರಿದು, ಬಿಲ್ಲೆಯನ್ನು ಅದರಲ್ಲಿ ಮುಳುಗಿಸಿ, ನಮ್ಮ ಅಂಗಡಿಯ ದೇವರ ಪಟದ ಕೆಳಗೆ ಇಟ್ಟರು. ನಲ್ಲಿ ನೀರು ಯಾಕಾಗದು ಎಂದರೆ, ಅದರಲ್ಲಿ ಉಪ್ಪಿದೆ, ಬ್ಲೀಚಿಂಗ್ ಪೌಡರ್ ಇದೆ, ಅದು ಲೋಹವನ್ನು ಕಚ್ಚುತ್ತದೆ ಎಂದರು. ದಿನಕ್ಕೆ ಎರಡು ಸಲ ನೀರು ಬದಲಾಯಿಸುವ ಕೆಲಸ ನನಗೆ ಬಂತು.

“ಕಾಸಿಗೆ ಡ್ರಿಪ್ ಹಾಕವ್ರೆ,” ಎಂದು ಓನರ್ ಬಂದಬಂದವರಿಗೆಲ್ಲ ತೋರಿಸಿದರು. “ಮೂರು ದಿನ ಐಸಿಯು. ಬದುಕಿದ್ರೆ ಹೇಳ್ತೀವಿ.”

ಮೂರನೇ ದಿನ ಸಂಜೆ ಪದರ ತಾನಾಗಿ ಸಡಿಲವಾಯಿತು. ಎಣ್ಣೆಯ ಜಿಡ್ಡು ಉಳಿದಿತ್ತು. ಅದಕ್ಕೆ ಒಂದಿಷ್ಟು ಅಸಿಟೋನಿನಲ್ಲಿ ಅದ್ದಿ ತೆಗೆದರು. ಒಂದು ಮೂಲೆಯಲ್ಲಿ ಹಸಿರು ಕಿಲುಬು ಚುಕ್ಕೆಯಾಗಿ ಕೂತಿತ್ತು. ಸೂಜಿ ಬೇಡ, ಗೀರುತ್ತದೆ ಎಂದು ಜಾಲಿಮುಳ್ಳಿನ ತುದಿಯಿಂದ, ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು ಎಬ್ಬಿಸಿದರು. ಹತ್ತಿಯಿಂದ ಒರೆಸಲಿಲ್ಲ, ಒತ್ತಿದರು. ಕಂದು ಬಣ್ಣದ, ಚಾಕಲೇಟಿನಂಥ ತಾಮ್ರದ ಮೇಲೆ ಒಂದು ಪುಟ್ಟ ಆನೆ ಸೊಂಡಿಲೆತ್ತಿ ನಿಂತಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಅವರ ಚೀಲದಲ್ಲಿ ಅದೇ ಥರದ ಇನ್ನೊಂದು ಕಾಸಿತ್ತು. ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿ ಎಸೆದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರು. ಹುಣಸೆಹಣ್ಣಿನದು ಗುಲಾಬಿ ಬಣ್ಣಕ್ಕೆ ತಿರುಗಿ, ಪುಕ್ಕ ಕಿತ್ತ ಕೋಳಿಯಂತೆ ಕಾಣುತ್ತಿತ್ತು. ಆನೆಗೆ ಕಣ್ಣಿರಲಿಲ್ಲ.

“ಹುಳಿ ಕೊಳೆ ಯಾವುದು, ಮೈ ಯಾವುದು ಅಂತ ನೋಡಲ್ಲ, ಎರಡನ್ನೂ ತಿನ್ನುತ್ತೆ,” ಎಂದರು. “ಹಣೆಗೆ ಹಚ್ಕೊಳ್ಳೋ ವಿಭೂತೀನ ಬೆಳ್ಳಿ ಕಾಸಿಗೆ ಹಾಕಿ ತಿಕ್ಕೋರೂ ಇದ್ದಾರೆ. ಸಣ್ಣ ಪುಡಿ ಅಂತೀವಿ, ಅದೂ ಗೀರುತ್ತೆ. ನಾನು ದಿನಾ ಹಚ್ತೀನಿ, ಹಣೆ ನೋಡಿ ಎಷ್ಟು ಸವೆದಿದೆ!” ಎಂದು ತಮ್ಮ ಬೋಳುತಲೆ ಸವರಿಕೊಂಡರು.

ನಾನು ಮನೆಗೆ ಹೋಗಿ ಅಮ್ಮನ ಹತ್ತಿರ ಈ ಜ್ಞಾನವನ್ನೆಲ್ಲ ಸುರಿದೆ. ಉಜ್ಜಬಾರದಂತೆ, ಉಜ್ಜಿದರೆ ಹಾಳಂತೆ. ಅಮ್ಮ ತಾಮ್ರದ ಬಿಂದಿಗೆ ತಿಕ್ಕುತ್ತಿದ್ದವರು ತಲೆಯೆತ್ತಿ ನೋಡಿದರು.

“ನಾನು ಉಜ್ಜದೆ ಇದ್ದಿದ್ರೆ ನೀನು ಪಿಯುಸಿವರ್ಗೂ ಬರ್ತಿದ್ಯೇನೋ? ಯಾರೋ ಅವ್ನು, ಉಜ್ಜೋದು ತಪ್ಪು ಅಂತ ಹೇಳ್ಕೊಟ್ಟೋನು? ಕರ್ಕೊಂಬಾ ಇಲ್ಲಿ.”

ನಾನು ಇದನ್ನು ಹೇಳಿದಾಗ ಬೇಡಮ್ಮ ಸಾರ್ ನಿಜವಾಗಿಯೂ ನಮ್ಮ ಮನೆಗೆ ಬಂದರು. ಬೂಟು ಬಾಗಿಲಲ್ಲೇ ಬಿಟ್ಟು, ಅಮ್ಮ ಕೊಟ್ಟ ಕಾಫಿ ಕುಡಿದು, ಗೋಡೆಗೆ ಸಾಲಾಗಿ ಜೋಡಿಸಿದ್ದ ಪಾತ್ರೆಗಳನ್ನು ನೋಡಿ ಹೇಳಿದರು: “ನೀವು ಸರಿ ತಾಯಿ. ಪಾತ್ರೆ ಉಜ್ಜಬೇಕು. ನಾನೂ ಮೂವತ್ನಾಲ್ಕು ವರ್ಷ ಅದೇ ಕೆಲಸ ಮಾಡಿದೋನು. ಆದ್ರೆ ಮಗನ್ನ ಯಾಕೆ ಪಿಯುಸಿಗೇ ನಿಲ್ಲಿಸಿದ್ರಿ?”

ಅಮ್ಮ ಲೋಟ ತೊಳೆಯಲು ಎದ್ದರು. ಮುಂದಿನ ತಿಂಗಳು ನಾನು ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಅರ್ಜಿ ಹಾಕಿದೆ. ಇತಿಹಾಸ ತೆಗೆದುಕೊಂಡೆ.

ಅರ್ಜಿ ಹಾಕಿದ ದಿನದಿಂದಲೇ ಅವರು ನನ್ನನ್ನು “ಗ್ರಾಜುಯೇಟ್ರೇ” ಎಂದು ಕರೆಯತೊಡಗಿದರು. ಇನ್ನೂ ಒಂದು ಪುಸ್ತಕ ಕೈಗೆ ಬಂದಿರಲಿಲ್ಲ. ಓನರ್ ಆ ಮಾತನ್ನು ಹಿಡಿದುಕೊಂಡರು. ಚೆಂಬಿನಲ್ಲಿ ಒಂದು ಕಲೆ ಉಳಿದರೆ, “ಲೋ ಗ್ರಾಜುಯೇಟು, ಇದೇನೋ ಇದು? ಡಿಗ್ರೀಲಿ ಹಿಂಗೆ ಹೇಳ್ಕೊಟ್ರಾ?” ಊಟದ ಹೊತ್ತಿನಲ್ಲಿ ನಾನು ಪುಸ್ತಕ ತೆರೆದರೆ, “ಮೆಲ್ಲಗೆ ಓದೋ, ಬೆಳ್ಳಿ ಎಚ್ಚರ ಆದಾತು.” ಒಂದೇ ಮಾತು, ಒಬ್ಬರ ಬಾಯಲ್ಲಿ ಬೆನ್ನು ತಟ್ಟುತ್ತಿತ್ತು, ಇನ್ನೊಬ್ಬರ ಬಾಯಲ್ಲಿ ಚುಚ್ಚುತ್ತಿತ್ತು. ಮೂರು ವರ್ಷ ಎರಡನ್ನೂ ಕೇಳಿದೆ.

ಬೇಡಮ್ಮ ಸಾರ್‌ಗೆ ಸೋಲೇ ಹೆಚ್ಚು. ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಸಾಲಾಗಿ ‘ಹೋಯಿತು, ಹೋಯಿತು, ಹೋಯಿತು.’ ಅಪರೂಪಕ್ಕೆ ಯಾರಾದರೂ ಮಾತು ಕೇಳಿ ನಾಣ್ಯವನ್ನು ಹಾಗೆಯೇ ಸೆರಗಿಗೆ ಕಟ್ಟಿಕೊಂಡು ಹೋದರೆ ‘ಉಳಿಯಿತು’ ಎಂದು ಬರೆಯುತ್ತಿದ್ದರು. ಆ ದಿನ ನಮಗೆಲ್ಲ ಟೀ ಅವರದ್ದೇ.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ.

ನನ್ನ ಕೊನೆಯ ವರ್ಷದ ಪರೀಕ್ಷೆಗೆ ಒಂದು ವಾರವಿತ್ತು. ವರಮಹಾಲಕ್ಷ್ಮಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಮಧ್ಯಾಹ್ನ ಒಂದೂವರೆಗೆ ಬನಶಂಕರಿಯಿಂದ ಮೂವರು ಬಂದರು: ಒಬ್ಬ ಅಜ್ಜಿ, ಅವರ ದೊಡ್ಡ ಮಗ, ಚಿಕ್ಕ ಸೊಸೆ. ಸೊಸೆಯ ಕಣ್ಣು ಕೆಂಪಾಗಿತ್ತು. ಮಗ ಒಂದು ಬೆಳ್ಳಿ ರೂಪಾಯಿಯನ್ನು ಗಲ್ಲಾದ ಮೇಲೆ ಠಣ್ ಎಂದು ಎಸೆದ. ರಾಣಿಯ ಮುಖವಿದ್ದ ದೊಡ್ಡ ರೂಪಾಯಿ, ಹೊಸದರಂತೆ ಥಳಥಳ ಎನ್ನುತ್ತಿತ್ತು.

“ನಮ್ಮನೆ ಕಾಸೆಲ್ಲಿ?”

ಹಬ್ಬದ ಹಿಂದಿನ ವಾರ ಆ ಸೊಸೆ ತಮ್ಮ ಮನೆಯ ಕಳಶದ ರೂಪಾಯಿಯನ್ನು ಪಾಲಿಶಿಗೆ ತಂದಿದ್ದರು. ನಾನೇ ಚಕ್ರಕ್ಕೆ ಹಿಡಿದಿದ್ದೆ. ಹಬ್ಬವಾದ ಮೇಲೆ ಮೊಮ್ಮಗುವಿನ ಕೊರಳಿಗೆ ಅದನ್ನೇ ಪದಕ ಮಾಡಿಸೋಣವೆಂದು ಅಜ್ಜಿ ಹೊರಟರಂತೆ. ದಾರಿಯಲ್ಲಿ ಹಳೆಯ ನಾಣ್ಯದ ವ್ಯಾಪಾರಿಯೊಬ್ಬನಿಗೆ ತೋರಿಸಿದಾಗ ಆತ ಒಮ್ಮೆ ಕಣ್ಣಾಡಿಸಿ, “ಇದು ಹಳೇದಲ್ಲ, ಈಚೆಗೆ ಎರಕ ಹೊಯ್ದಿರೋದು, ಡೂಪ್ಲಿಕೇಟು” ಎಂದುಬಿಟ್ಟಿದ್ದ.

“ಇಲ್ಲಾ ಇವ್ಳು ಬದ್ಲಾಯ್ಸಿರ್ಬೇಕು, ಇಲ್ಲಾ ನಿಮ್ಮ ಹುಡುಗ,” ಎಂದ ದೊಡ್ಡ ಮಗ. “ಸ್ಟೇಷನ್ನಿಗೆ ಹೋಗಣ. ಅಲ್ಲಿ ಬಾಯಿ ಬಿಡ್ತಾರೆ.”

“ನಾನ್ಯಾಕೆ ಬದ್ಲಾಯ್ಸ್ಲಿ ಭಾವ? ನಂಗೇನು ಹುಚ್ಚಾ?” ಎಂದು ಸೊಸೆ ಅತ್ತರು. ಅಜ್ಜಿ ಗೋಡೆ ನೋಡುತ್ತಿದ್ದರು.

ಓನರ್ ನನ್ನನ್ನು ಪಕ್ಕಕ್ಕೆ ಕರೆದರು. “ನಿಜ ಹೇಳ್ಬಿಡೋ. ಫೀಸು ಗೀಸು ಅಂತ ಕಷ್ಟ ಇತ್ತೇನೋ. ಈಗ್ಲೇ ಹೇಳಿದ್ರೆ ನಾನು ಮಾತಾಡ್ತೀನಿ.”

ಮೂರು ವರ್ಷ ಅವರ ಮುಂದೆ ಕೂತು ಕೆಲಸ ಮಾಡಿದ್ದೆ. ಒಂದು ಗುಂಡುಸೂಜಿ ಮುಟ್ಟಿರಲಿಲ್ಲ. ‘ಫೀಸು ಗೀಸು’ ಎಂದರಲ್ಲ, ಅದು ನನ್ನನ್ನು ಒಳಗೆ ಸುಟ್ಟಿತು. ಬಡವರ ಮಗ ಓದಲು ಹೊರಟರೆ ಅದೂ ಅನುಮಾನಕ್ಕೆ ಒಂದು ಕಾರಣ! ಸ್ಟೇಷನ್ನಿನಲ್ಲಿ ಒಂದು ಕಂಪ್ಲೇಂಟು ಬಿದ್ದರೆ ಪರೀಕ್ಷೆ ಎಲ್ಲಿ, ಡಿಗ್ರಿ ಎಲ್ಲಿ? ಅಮ್ಮ ಕೆಲಸ ಮಾಡುವ ಮೂರು ಮನೆಗಳೂ ಇಲ್ಲೇ ಪಕ್ಕದ ರಸ್ತೆಗಳಲ್ಲಿ. ಸಂಜೆಯೊಳಗೆ ಸುದ್ದಿ ಮುಟ್ಟುತ್ತದೆ.

ಆಗ ಸೊಸೆಯೇ ತಟ್ಟನೆ ಕಣ್ಣೊರೆಸಿಕೊಂಡರು. “ಅವತ್ತು ಒಬ್ರು ಅಂಕಲ್ ಇದ್ರಲ್ಲ! ಬೇಡಮ್ಮ ಬೇಡಮ್ಮ ಅಂತಿದ್ರಲ್ಲ! ಪುಸ್ತಕದಲ್ಲಿ ಪೆನ್ಸಿಲ್ ಉಜ್ಕೊಂಡ್ರು!”

“ನಾಲ್ಕು ಗಂಟೆಗೆ ಬರ್ತಾರೆ ಸಾರ್. ದಿನಾ ಬರ್ತಾರೆ. ನಾಲ್ಕರವರೆಗೂ ತಡ್ಕೊಳಿ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ದೊಡ್ಡ ಮಗ ಗಡಿಯಾರ ನೋಡಿಕೊಂಡು ಸ್ಟೂಲ್ ಎಳೆದು ಕೂತ. ನಾಲ್ಕಾಯಿತು. ಬೇಡಮ್ಮ ಸಾರ್ ಬರಲಿಲ್ಲ. ನಾಲ್ಕೂ ಹತ್ತಾಯಿತು. ಆತ ಎದ್ದು, “ಸಾಕು ನಾಟ್ಕ, ನಡಿಯೋ” ಎಂದು ನನ್ನ ತೋಳು ಹಿಡಿದ. ಆ ಹೊತ್ತಿಗೆ ಓಣಿಯ ತಿರುವಿನಲ್ಲಿ ಬಿಳಿ ಅಂಗಿ ಕಾಣಿಸಿತು. ಬಸ್ಸು ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ. ಇಳಿದು ನಡೆದೇ ಬಂದಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಸಂಗತಿ ಕೇಳಿದರು. ಚೀಲ ಕೆಳಗಿಟ್ಟು, ನೀರು ಕುಡಿದು, ಪುಸ್ತಕ ತೆಗೆದು ಪುಟ ಮಗುಚಿದರು. ಚೀಟಿಯ ನಂಬರು ಸಿಕ್ಕಿತು. ರಾಣಿಯ ಮುಖ, ಹಿಂದಿನ ಹೂಬಳ್ಳಿ, ಕೊನೆಯಲ್ಲಿ ‘ಹೋಯಿತು.’ ಪುಸ್ತಕವನ್ನೂ ಭೂತಗನ್ನಡಿಯನ್ನೂ ನನ್ನ ಮುಂದೆ ತಳ್ಳಿದರು.

“ಗ್ರಾಜುಯೇಟ್ರೇ, ನೀವೇ ಓದಿ.”

“ನಾನಾ ಸಾರ್? ನೀವೇ ಹೇಳಿ ಸಾರ್, ನಿಮ್ಮ ಮಾತು ನಂಬ್ತಾರೆ.”

“ಕಳ್ಳ ಅಂದಿರೋದು ನಿಮ್ಮನ್ನ. ನೀವೇ ಓದಬೇಕು. ಬಿಸಿಲಿಗೆ ಓರೆ ಹಿಡೀರಿ, ಹೇಳ್ಕೊಟ್ಟಿದ್ದೀನಲ್ಲ.”

ಬಾಗಿಲ ಹತ್ತಿರ ಹೋದೆ. ಅಂಚು ಹಿಡಿದು ನಾಣ್ಯವನ್ನು ಓರೆ ಮಾಡಿದೆ. ಸಂಜೆಯ ಬಿಸಿಲು ಅದರ ಮೇಲೆ ಅಡ್ಡಲಾಗಿ ಬಿತ್ತು. ಎಲ್ಲ ನಯವಾಗಿತ್ತು, ನಾನೇ ಮಾಡಿದ ನಯ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು.

“ರಾಣಿ ಕೆನ್ನೆ ಮೇಲೆ ಒಂದು ಅರ್ಧಚಂದ್ರದ ಗುರುತಿದೆ,” ಎಂದೆ. “ಹಿಂದಿನ ಕಾಲದಲ್ಲಿ ಚಿನಿವಾರರು ಬೆಳ್ಳಿ ಅಸಲಾ ಅಂತ ನೋಡೋಕೆ ಹೊಡೀತಿದ್ದ ಗುರುತು. ಪುಸ್ತಕದಲ್ಲೂ ಕೆನ್ನೆ ಮೇಲೇ ಇದೆ. ನೋಡಿ.”

ದೊಡ್ಡ ಮಗ ಬಗ್ಗಿ ನೋಡಿದ. ಕನ್ನಡಿ ಇಸಿದುಕೊಂಡು ಮತ್ತೆ ನೋಡಿದ.

“ಹಿಂದ್ಗಡೆ ಬಳ್ಳಿ ಮೇಲೆ ಓರೆಯಾಗಿ ಒಂದು ಗೀರು. ಚಕ್ರ ಹಿಡಿದು ತೆಳುವಾಗಿದೆ, ಆದ್ರೆ ಹೋಗಿಲ್ಲ. ಪುಸ್ತಕದಲ್ಲಿ ಎಷ್ಟುದ್ದ ಇದೆಯೋ ಇಲ್ಲೂ ಅಷ್ಟೇ.” ಈಗ ನನ್ನ ದನಿ ನನಗೆ ಕೇಳಿಸುತ್ತಿತ್ತು. ಓಣಿಗೂ ಕೇಳಿಸುತ್ತಿತ್ತು. ಪಕ್ಕದ ಬಳೆ ಅಂಗಡಿಯವರು ಬಂದು ನಿಂತಿದ್ದರು. “ಮೂರನೇದು, ರಾಣಿ ಕಿರೀಟದ ನೇರಕ್ಕೆ ಅಂಚಿನಲ್ಲಿ ಒಂದು ಚಿಕ್ಕ ತಗ್ಗು, ಅರ್ಧ ಅಕ್ಕಿಕಾಳಿನಷ್ಟು. ಇಲ್ಲಿ ಏನೋ ಬೆಸುಗೆ ಹಾಕಿ ಕಿತ್ತಿದ್ದಾರೆ.”

ಅಷ್ಟರವರೆಗೆ ಗೋಡೆ ನೋಡುತ್ತಿದ್ದ ಅಜ್ಜಿ ತಿರುಗಿದರು.

“ಕೊಂಡಿ,” ಎಂದರು. “ನಮ್ಮತ್ತೆ ಸರದಲ್ಲಿತ್ತು ಅದು. ಅವ್ರು ಹೋದ್ಮೇಲೆ ನಾನೇ ಕೊಂಡಿ ಕೀಳ್ಸಿ ಕಳಶಕ್ಕೆ ಹಾಕ್ದೆ.” ನಾಣ್ಯವನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಆ ತಗ್ಗಿನ ಹತ್ತಿರ ಬೆರಳು ನಿಂತಿತು. “ಇದು ನಮ್ದೇ.”

ದೊಡ್ಡ ಮಗ ಮಾತ್ರ ಸೋಲಲು ಸಿದ್ಧನಿರಲಿಲ್ಲ. “ಹಂಗಾದ್ರೆ ಆ ವ್ಯಾಪಾರಿ ಯಾಕೆ ಡೂಪ್ಲಿಕೇಟು ಅಂದ?”

“ಅವರದ್ದೇನೂ ತಪ್ಪಿಲ್ಲ,” ಎಂದರು ಬೇಡಮ್ಮ ಸಾರ್. “ಅಚ್ಚಿನ ಚೂಪೆಲ್ಲ ಚಕ್ರದಲ್ಲಿ ಕರಗಿಹೋಗಿದೆ. ಎರಕದ ಕಾಸೂ ಹೀಗೇ ಮೊಂಡಾಗಿರುತ್ತೆ. ಮೈಮೇಲಿನ ಚರ್ಮ ಸುಲಿದು, ಮೂಗು ಕಿವಿ ತೇಯ್ದುಬಿಟ್ರೆ ಹೆತ್ತ ತಾಯಿಗೂ ಗುರುತು ಸಿಗಲ್ಲ. ಹೊಳೆಯೋ ಹಾಗೆ ಮಾಡಿಸ್ಕೊಂಬಾ ಅಂತ ಹೇಳಿದ್ದು ಯಾರು?”

“ನಾನೇ,” ಎಂದರು ಅಜ್ಜಿ. ಆಮೇಲೆ ಸೊಸೆಯ ಕೈ ಹಿಡಿದು, ಅಂಗೈಯಲ್ಲಿ ನಾಣ್ಯವಿಟ್ಟು, ಬೆರಳುಗಳನ್ನು ತಾವೇ ಮಡಚಿದರು. “ಇನ್ಮೇಲೆ ಇದು ನಿನ್ ಹತ್ರಾನೇ ಇರ್ಲಿ ಕಣೇ. ನಾನು ಕೇಳಲ್ಲ.” ದೊಡ್ಡ ಮಗನ ಕಡೆ ತಿರುಗಿ, “ನಿಂತ್ಕೊಂಡೇನ್ ನೋಡ್ತೀಯ? ಆ ಹುಡುಗನ ತೋಳು ಹಿಡಿದ್ಯಲ್ಲ, ಈಗ ಕೈ ಮುಗಿ” ಎಂದರು. ಆತ ಮುಗಿದ. ಅರ್ಧ ಮುಗಿದ, ಸರಿ. ನನಗೆ ಅಷ್ಟು ಸಾಕಾಗಿತ್ತು.

ಅವರು ಹೋದ ಮೇಲೆ ನಾನು ಬೇಡಮ್ಮ ಸಾರ್ ಪಕ್ಕ ಕೂತೆ. ಗೆದ್ದ ಸಂತೋಷದಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಆದರೂ ಒಂದು ಮಾತು ಒಳಗೆ ಚುಚ್ಚುತ್ತಿತ್ತು. ನಾನು ಕದ್ದಿರಲಿಲ್ಲ, ನಿಜ. ಆದರೆ ಆ ನಾಣ್ಯದ ಗುರುತು ಅಳಿಸಿದವನು ನಾನೇ.

“ಸಾರ್, ಆ ‘ಹೋಯಿತು’ ಅನ್ನೋದನ್ನ ಹೊಡೆದು ‘ಉಳಿಯಿತು’ ಅಂತ ಬರೀರಿ. ಎಲ್ಲ ಸರಿಹೋಯ್ತಲ್ಲ.”

“ಹೇಗೆ ಬರೆಯೋದು?” ಎಂದರು. “ನಾಣ್ಯ ಹೋದದ್ದು ಹೋದದ್ದೇ. ಉಳಿದವರು ನೀವು. ಅದಕ್ಕೆ ಈ ಪುಟದಲ್ಲಿ ಜಾಗ ಇಲ್ಲ. ಬೇರೆ ಪುಟ ಬೇಕು.”

ಮಾರನೇ ದಿನ ಓನರ್ ಸ್ಟೇಷನರಿ ಅಂಗಡಿಯಿಂದ ಉದ್ದದ ನೋಟ್ ಪುಸ್ತಕ, ಒಂದು ಡಜನ್ ಪೆನ್ಸಿಲ್ ತಂದು ಗಲ್ಲಾದ ಮೇಲೆ ಇಟ್ಟರು. ಅಂದಿನಿಂದ ಯಾವ ನಾಣ್ಯವೇ ಬರಲಿ, ಮೊದಲು ಬೇಡ ಎಂದು ಹೇಳುವುದು, ಕೇಳದಿದ್ದರೆ ಎರಡು ನಿಮಿಷ ತೆಗೆದುಕೊಂಡು ಅಚ್ಚು ತೆಗೆಯುವುದು, ಗಿರಾಕಿಯ ಸಹಿ ಹಾಕಿಸುವುದು ಅಂಗಡಿಯ ಪದ್ಧತಿಯಾಯಿತು. ಮಜಾ ಏನೆಂದರೆ, ಎರಡು ನಿಮಿಷ ನಿಂತು ಪೆನ್ಸಿಲಿನ ಕೆಳಗೆ ತಮ್ಮ ಮುತ್ತಜ್ಜಿಯ ಕಾಸು ಮೂಡಿ ಬರುವುದನ್ನು ನೋಡಿದವರಲ್ಲಿ ಅರ್ಧಕ್ಕರ್ಧ ಜನ, “ಇರ್ಲಿ ಬಿಡಪ್ಪ, ಹಾಗೇ ಕೊಡು” ಎನ್ನತೊಡಗಿದರು. ಬೇಡಮ್ಮ ಸಾರ್ ಕೈ ಮುಗಿದು ವರ್ಷಗಟ್ಟಲೆ ಬೇಡಿಕೊಂಡರೂ ಆಗದ್ದು ಒಂದು ಪೆನ್ಸಿಲು, ಒಂದು ಸಹಿಯಿಂದ ಆಯಿತು. ಅವರ ಟೀ ಖರ್ಚು ಹೆಚ್ಚಿತು.

ಪರೀಕ್ಷೆ ಬರೆದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಮುಂದಿನ ವರ್ಷದ ವರಮಹಾಲಕ್ಷ್ಮಿ ವಾರದಲ್ಲೇ ಅಂಚೆಯಲ್ಲಿ ಸರ್ಟಿಫಿಕೇಟು ಬಂತು. ಅಮ್ಮ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ಮುಟ್ಟಿ, ವಾಪಸ್ ಕೊಟ್ಟರು. “ಮೊದ್ಲು ಅವ್ರಿಗೆ ತೋರ್ಸೋಗು.”

ಅಂಗಡಿ ತುಂಬ ಜನ. ಬೇಡಮ್ಮ ಸಾರ್ ಸ್ಟೂಲಿನ ಮೇಲೆ ಕೂತು ಯಾರದೋ ಕಾಸು ನೋಡುತ್ತಿದ್ದರು. ನಾನು ಲಕೋಟೆ ಚಾಚಿದೆ. ಸರ್ಟಿಫಿಕೇಟನ್ನು ಅಂಚು ಹಿಡಿದು ಹೊರಗೆಳೆದರು, ನಾಣ್ಯದ ಹಾಗೆಯೇ. ಮೇಲಿನಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಕೆಳಗಿನ ಮೂಲೆಯಲ್ಲಿ ವಿಶ್ವವಿದ್ಯಾಲಯದ ಉಬ್ಬುಮುದ್ರೆ ಇತ್ತು. ಅದರ ಮೇಲೆ ಬೆರಳು ಆಡಿಸಿದರು.

“ಎರಡು ನಿಮಿಷ ಕೊಡಿ,” ಎಂದರು.

ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡುತ್ತಿದ್ದಂತೆ ಪುಸ್ತಕದಲ್ಲಿ ಹೊಸ ಪುಟ ತೆರೆದು, ಮುದ್ರೆಯ ಮೇಲೆ ಹಾಳೆ ಇಟ್ಟು, ಪೆನ್ಸಿಲ್ ಮಲಗಿಸಿ ಓಡಿಸಿದರು. ದುಂಡನೆಯ ಮುದ್ರೆ ಅಕ್ಷರ ಅಕ್ಷರವಾಗಿ ಎದ್ದು ಬಂತು. ಪಕ್ಕದಲ್ಲಿ ತಾರೀಖು, ನನ್ನ ಹೆಸರು, ಹೆಸರಿನ ಮುಂದೆ ಬಿ.ಎ. ಕೊನೆಯ ಕಾಲಮ್ಮಿನಲ್ಲಿ ದೊಡ್ಡದಾಗಿ ‘ಉಳಿಯಿತು’ ಎಂದು ಬರೆದು, ಜೀವಮಾನದಲ್ಲಿ ದನಿ ಏರಿಸದ ಮನುಷ್ಯ ಎದ್ದು ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದರು: “ಬನ್ರಮ್ಮಾ, ಎಲ್ರೂ ಬಂದು ನೋಡಿ! ಇದಕ್ಕೆ ಯಾವ ಚಕ್ರಾನೂ ಹಿಡಿದಿಲ್ಲ!”

ಟೀ ಬಂತು. ಅಪರಿಚಿತ ಆಂಟಿಯರೆಲ್ಲ “ಒಳ್ಳೇದಾಗ್ಲಪ್ಪ” ಎಂದರು. ಗಲಾಟೆ ಇಳಿಯುವವರೆಗೆ ಓನರ್ ಗಲ್ಲಾದ ಹಿಂದೆ ಸುಮ್ಮನೆ ನಿಂತಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ನಾನು ಎಂದಿನ ಚುಚ್ಚುಮಾತಿಗೆ ಸಿದ್ಧನಾದೆ.

“ಗ್ರಾಜುಯೇಟ್ರೇ,” ಎಂದರು, “ತುಂಬಾ ಜನ ಕಾಯ್ತಾವ್ರೆ. ಮೋಟಾರ್ ಆನ್ ಮಾಡ್ತೀರಾ?”